ನೋಯದ ಹುಣ್ಣು

ದಕ್ಷಿಣ ಜೆರ್ಸಿ
ಫೆಬ್ರವರಿ 4, 1912

ಡೆಲ್ಲಾ,

ನೀನು ಊರು ಬಿಟ್ಟಿದ್ದು ನನಗೆ ಗೊತ್ತಾಗಿದ್ದು ಪಕ್ಕದ ಮನೆ ಮಿಸೆಸ್ ಕ್ರೋಲ್ ಬಾಯಿಂದ. ಕೆಲಸ ಮುಗಿಸಿ ಬರುತ್ತಿದ್ದೆ, ಬೇಲಿ ಹತ್ತಿರ ಕಾದು ನಿಂತಿದ್ದಳು. "ಎನೋಸ್, ನಿನ್ನ ಹೆಂಡ್ತಿ ಪೆಟ್ಟಿಗೆ ಎತ್ಕೊಂಡು ಇಂಡಿಯಾನಾ ರೈಲು ಹತ್ತಿದ್ಲು ಕಣಪ್ಪ. ಹೆರಿಗೆಗೆ ಇನ್ನೂ ಐದು ತಿಂಗ್ಳಿದ್ಯಲ್ಲ, ಈಗ್ಲೇ ತವರಿಗಾ?" ಅಂದಳು. ಹಲ್ಲೆಲ್ಲ ಕಾಣೋ ಹಾಗೆ ನಗುತ್ತಿದ್ದಳು. ಒಳಗೆ ಬಂದರೆ ಒಲೆ ತಣ್ಣಗಿತ್ತು. ಒಂದು ಚೀಟಿ ಬರೆದಿಡೋಕೂ ನಿನಗೆ ಕೈ ಬರಲಿಲ್ಲ.

ನಾನು ಹಲ್ಲುನೋವು ಅಂದಿದ್ದರೆ ನೀನು ಲವಂಗ ಕೊಟ್ಟು ಪಕ್ಕದಲ್ಲಿ ಕೂರುತ್ತಿದ್ದೆ. ನಿಜ ಹೇಳಿದೆ, ಅದಕ್ಕೆ ಈ ಮರ್ಯಾದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬಾಟಲಿ ಹೊರೋಕೆ ನಿಂತವನು ನಾನು, ಕೆಟ್ಟ ಸುದ್ದಿಗೆ ಸಕ್ಕರೆ ಸವರಿ ಹೇಳೋಕೆ ಬರಲ್ಲ. ಇನ್ನೊಂದು ಸಲ ಹೇಳುತ್ತೀನಿ, ಪೂರ್ತಿ ಓದು. ಅರ್ಧಕ್ಕೆ ಹರಿದು ಹಾಕಬೇಡ.

ನವೆಂಬರಿನಲ್ಲಿ ನನ್ನ ಕೆಳದುಟಿ ಮೇಲೆ ಒಂದು ಹುಣ್ಣಾಗಿತ್ತು, ನೆನಪಿದೆಯಾ? ಅಂಗಿ ಗುಂಡಿಯಷ್ಟು ಗಟ್ಟಿ. ಒತ್ತಿದರೂ ನೋಯುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಎಲ್ಲ ನಕ್ಕರು, "ಕೊಳವೆ ಮುತ್ತಿಟ್ಟಿದೆ ಬಿಡೋ" ಅಂದರು. ನೀನೂ ನಕ್ಕು ಹಂದಿ ಕೊಬ್ಬು ಸವರಿದೆ. ಗಾಜು ಊದೋ ಬಿಸಿ ಕೊಳವೆ ಬಾಯಿಗಿಟ್ಟವನ ತುಟಿ ಸುಡದೆ ಇರುತ್ತಾ? ಕಂಪನಿ ಡಾಕ್ಟರ್ ಚುಟ್ಟ ಬಾಯಿಂದ ತೆಗೆಯದೆ ಹುಣ್ಣಿಗೊಂದು ಸುಡೋ ಮದ್ದಿನ ಕಡ್ಡಿ ಮುಟ್ಟಿಸಿ ಕಳಿಸಿದ. ಕ್ರಿಸ್‌ಮಸ್ಸಿಗೆ ಮುಂಚೆ ತಾನಾಗೇ ಮಾಯವಾಯಿತು. ಎಲ್ಲ ಮರೆತೆವು.

ಜನವರಿಯಲ್ಲಿ ಗಂಟಲು ಕಟ್ಟಿತು. ನುಂಗೋಕಾಗದೆ ಫಿಲಡೆಲ್ಫಿಯಾ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರು ನನ್ನನ್ನು ಕಿಟಕಿ ಹತ್ತಿರ ನಿಲ್ಲಿಸಿ, ನಾಲಿಗೆ ಒತ್ತಿ, ಕೆನ್ನೆ ಒಳಗೆಲ್ಲ ನೋಡಿದರು. ಬೂದುಬಣ್ಣದ ಮಚ್ಚೆಗಳು, ಬಸವನಹುಳು ಹರಿದ ಜಾಡಿನ ಹಾಗೆ. ಅಂಗೈಯಲ್ಲಿ ಚುಕ್ಕೆ. ಅವರು ಕೇಳಿದ್ದು ಒಂದೇ ಮಾತು, "ಇದಕ್ಕೆ ಮುಂಚೆ ಬಾಯಲ್ಲಿ ನೋಯದೆ ಇರೋ ಹುಣ್ಣು ಏನಾದ್ರೂ ಆಗಿತ್ತಾ?" ನಾನು ತುಟಿ ತೋರಿಸಿದೆ. ಸಿಫಿಲಿಸ್ ಅಂದರು.

ನಾನೂ ಅವತ್ತು ಡಾಕ್ಟರ ಕೊರಳುಪಟ್ಟಿ ಹಿಡಿದಿದ್ದೆ. ನಿನ್ನ ಬಿಟ್ಟು ಬೇರೆ ಹೆಣ್ಣಿನ ಹತ್ತಿರ ಹೋಗಿಲ್ಲ ಅಂತ ಕೂಗಿದೆ. ಅವರು ಕೋಟು ಸರಿಮಾಡಿಕೊಂಡು "ಏನು ಕೆಲ್ಸ?" ಅಂದರು. ಗಾಜು ಊದೋದು ಅಂದೆ. "ಕೊಳವೆ ಒಬ್ರ ಬಾಯಿಂದ ಒಬ್ರಿಗೆ ಹೋಗುತ್ತಾ?" ಅಂದರು.

ನೀನು ಊದುವವನ ಮಗಳು, ನಿನಗೆ ನಾನು ಹೇಳಬೇಕಾ? ಒಬ್ಬ ಕರಗಿದ ಗಾಜು ಕೊಳವೆ ತುದಿಗೆ ಸುತ್ತಿ ತಂದು ಒಂದುಸಿರು ಊದುತ್ತಾನೆ, ಕೊಳವೆ ಎರಡನೆಯವನ ಬಾಯಿಗೆ, ಅಲ್ಲಿಂದ ಮೂರನೆಯವನಿಗೆ. ಒರೆಸೋ ಹಾಗಿಲ್ಲ. ಒರೆಸಿದರೆ ಕೊಟ್ಟವನ ಮುಖಕ್ಕೆ ಉಗಿದ ಹಾಗೆ. ಒರೆಸಿದವನು ತಂಡಕ್ಕೆಲ್ಲ ಬಿಯರ್ ಕುಡಿಸಿ ಕ್ಷಮೆ ಕೇಳಬೇಕು. ದಿನವೆಲ್ಲ ಮೂರು ಜನರ ಎಂಜಲು ಒಂದು ಬಾಯಲ್ಲಿ. ಅದನ್ನೇ ನಾವು ಅಣ್ಣತಮ್ಮಂದಿರ ಥರ ಇರೋದು ಅಂತ ಹೇಳಿಕೊಂಡು ತಿರುಗಿದ್ದು.

ಡೆಲ್ಲಾ, ನನ್ನ ಮೇಲೆ ಸಿಟ್ಟಿರಲಿ. ದಿನಾ ಬೆಳಿಗ್ಗೆ ಕನ್ನಡಿ ತೆಗೆದುಕೊಂಡು ಕಿಟಕಿ ಹತ್ತಿರ ನಿಲ್ಲು. ತುಟಿ ಮಡಚಿ ನೋಡು, ನಾಲಿಗೆ ಎತ್ತಿ ನೋಡು. ದವಡೆ ಕೆಳಗೆ ಗೋಲಿಯಂಥ ಗಂಟು ಸಿಗುತ್ತಾ ಒತ್ತಿ ನೋಡು. ನೋಯದೆ ಇರೋದೇ ಅದರ ಗುರುತು. ಏನಾದರೂ ಕಂಡರೆ ಅವತ್ತೇ ಡಾಕ್ಟರ ಹತ್ತಿರ ಓಡು.

ನಿನ್ನ ಗಂಡ,
ಎನೋಸ್

*

ಇಂಡಿಯಾನಾ
ಫೆಬ್ರವರಿ 26

ಎನೋಸ್,

ನಿನ್ನ ಕಾಗದ ಅಪ್ಪನೇ ಮೊದಲು ಓದಿದರು. ನಾನು ಬೇಡ ಅನ್ನಲಿಲ್ಲ. ನಾನು ಹೆದರಿ ಬಂದೆ ಅಂತ ತಿಳಿಯಬೇಡ. ನಾಚಿಕೆಗೆ ಬಂದೆ.

ಅಪ್ಪ ಮೂವತ್ತು ವರ್ಷ ಕೊಳವೆ ಊದಿದವರು, ನಿನಗೆ ಗೊತ್ತು. ಕಾಗದ ಓದಿ ಮಡಚಿ, "ಸಾವಿರ ಜನರ ಕೊಳವೆ ಬಾಯಿಗಿಟ್ಟಿದೀನಿ. ನಂಗೆ ಬಂದಿದ್ದು ಕೆಮ್ಮು ಒಂದೇ. ನಿನ್ ಗಂಡ ಎಲ್ಲಿ ಬಾಯಿಟ್ನೋ ಅದನ್ನ ಹೇಳೋಕೆ ಧೈರ್ಯ ಇಲ್ಲ" ಅಂದರು. ಅಮ್ಮ ಎದ್ದು ಒಳಗೆ ಹೋದರು. ನೀನು ಸುಳ್ಳು ಹೇಳುವವನಲ್ಲ ಅಂತ ಹೇಳೋಣ ಅನ್ನಿಸಿತು. ಹೇಳದೆ ಅಮ್ಮನ ಹಿಂದೆ ಎದ್ದು ಹೋದೆ.

ನೀನು ಹೇಳಿದ ಹಾಗೆ ನೋಡಿಕೊಂಡೆ. ಕೆಳದುಟಿಯ ಒಳಗೆ ಎಡಗಡೆ ಒಂದು ಸಣ್ಣದು ಎದ್ದಿದೆ. ಅಮ್ಮ ನೋಡಿ, "ಬಸುರಿ ಮೈ ಬಿಸಿ, ನಿನ್ನ ಹೊತ್ತಾಗ ನಂಗೂ ಬಾಯೆಲ್ಲ ಹುಣ್ಣಾಗಿತ್ತು" ಅಂದರು. ಒಂದಿಷ್ಟೂ ನೋವಿಲ್ಲ. ಅಷ್ಟು ಕೆಟ್ಟ ರೋಗವಾಗಿದ್ದರೆ ನೋಯಬೇಕಲ್ಲ? ನೀನೇ ಯೋಚಿಸು.

ಮಗು ಮೊನ್ನೆ ಮೊದಲ ಸಲ ಅಲುಗಿತು. ಇದನ್ನು ನಿನಗೆ ಬರೆಯಬಾರದು ಅಂದುಕೊಂಡಿದ್ದೆ.

ಡೆಲ್ಲಾ

*

ಫಿಲಡೆಲ್ಫಿಯಾ
ಮಾರ್ಚ್ 2

ಡೆಲ್ಲಾ,

ಅದೇ ಅದು. ನಿನ್ನ ತುಟಿಯಲ್ಲಿ ಎದ್ದಿರೋದು ಅದೇ. ನಿನಗೆ ಕೊಟ್ಟವನು ನಾನು, ಕ್ರಿಸ್‌ಮಸ್ ಮುಗಿದ ಮೇಲೆ ಕೊಟ್ಟ ಮುತ್ತುಗಳಲ್ಲಿ ಯಾವುದೋ ಒಂದರಲ್ಲಿ. ನಿನ್ನ ಅಮ್ಮನಿಗೆ ಆಗಿದ್ದ ಹುಣ್ಣು ಉರಿಯುತ್ತಿತ್ತಾ ಕೇಳು. ಉಪ್ಪು ತಾಗಿದರೆ ಜೀವ ಹೋಗುತ್ತಿತ್ತಾ ಕೇಳು. ನಿನ್ನದಕ್ಕೆ ಉಪ್ಪು ಹಚ್ಚಿ ನೋಡು.

ನೋಯೋ ಹುಣ್ಣಿದ್ದವರು ತಾವೇ ಓಡಿ ಬರುತ್ತಾರಂತೆ ಡಾಕ್ಟರ ಹತ್ತಿರ. ನೋಯದ್ದು ಇದ್ದವರು ಮನೆಯಲ್ಲೇ ಕೂತು ಗುಣವಾಯಿತು ಅಂದುಕೊಳ್ಳುತ್ತಾರಂತೆ. ಅದು ಗುಣವಾಗಲ್ಲ ಡೆಲ್ಲಾ. ಮೇಲೆ ಮಾಯವಾಗಿ ಒಳಗೆ ಹೋಗುತ್ತೆ. ಹೊಟ್ಟೆಯಲ್ಲಿರೋ ಮಗುವಿಗೂ ಹೋಗುತ್ತೆ. ಇದನ್ನು ಹೇಗೆ ಬರೆಯೋದು ಅಂತ ಬೆಳಿಗ್ಗೆಯಿಂದ ಕೂತಿದೀನಿ, ಬೇರೆ ದಾರಿ ಸಿಗಲಿಲ್ಲ. ಡಾಕ್ಟರು ನನ್ನನ್ನು ಮಕ್ಕಳ ವಾರ್ಡಿಗೆ ಕರೆದುಕೊಂಡು ಹೋದರು. ಅಲ್ಲೊಂದು ಎಳೆಗೂಸು, ಮೂಗು ಕಟ್ಟಿ ಹಾಲು ಎಳೆಯೋಕೆ ಆಗುತ್ತಿಲ್ಲ, ತುಟಿ ಸುತ್ತ ಸೀಳು, ಮುಖ ಎಂಬತ್ತು ವರ್ಷದ ಮುದುಕನ ಹಾಗೆ. ಅದು ಉಳಿದದ್ದು. ಉಳಿಯದೇ ಇರೋವೇ ಹೆಚ್ಚಂತೆ. ತಾಯಿಗೆ ಈಗಲೇ ಮದ್ದು ಶುರುವಾದರೆ ಮಗು ಉಳಿಯೋ ಸಾಧ್ಯತೆ ಇದೆ. ಜರ್ಮನಿಯಿಂದ ಹೊಸದೊಂದು ಬಂದಿದೆ, ತೋಳಿಗೆ ಸೂಜಿ ಹಾಕುತ್ತಾರೆ. ನನಗೂ ಅದನ್ನೇ ಹಾಕುತ್ತಿದಾರೆ. ಇಲ್ಲಿಗೆ ಬಾ. ಇಲ್ಲವಾದರೆ ಅಲ್ಲೇ ಯಾರಿಗಾದರೂ ತೋರಿಸು.

ಈಗ ನಾನಿರೋದು ಇಲ್ಲೇ, ಹಡಗುಕಟ್ಟೆಯಲ್ಲಿ ಕಲ್ಲಿದ್ದಲು ಹೊರುತ್ತೀನಿ. ಕಾರ್ಖಾನೆಯಿಂದ ಓಡಿಸಿದರು. ಯಾಕೆ ಅಂತ ನಿನ್ನ ಅಪ್ಪನಿಗೆ ಓದಿ ಹೇಳು. ತಗಡಿನ ಒಂದು ಸಣ್ಣ ಮೂತಿ ಮಾಡಿಸಿಕೊಂಡು ಹೋದೆ, ಕೊಳವೆಗೆ ಸಿಗಿಸಿ ಊದೋಕೆ, ಆಮೇಲೆ ತೆಗೆದು ಜೇಬಿಗೆ. ಪ್ರತಿಯೊಬ್ಬನಿಗೂ ಒಂದೊಂದು ಇದ್ದರೆ ಯಾರ ಎಂಜಲೂ ಯಾರಿಗೂ ಇಲ್ಲ. ಎಲ್ಲ ಸುತ್ತ ನಿಂತು ನೋಡಿದರು. "ಏನೋ ಎನೋಸ್, ರಾಜಕುಮಾರಿ ಆಗ್ಬಿಟ್ಯಾ? ಕರವಸ್ತ್ರ ಬೇಕಾ?" ಅಂದ ಒಬ್ಬ. ಆ ಮೂತಿ ತೆಗೆದು ಕುಲುಮೆಗೆ ಎಸೆದರು.

ಆಮೇಲೆ ಜೂಬಲ್ ಚಿಕ್ಕಪ್ಪನ ಹತ್ತಿರ ಹೋದೆ. ನನಗಿಂತ ಮುಂಚೆ ಕೊಳವೆ ಊದೋದು ಅವನೇ ಅಲ್ಲವಾ? ನನಗೆ ಕೆಲಸ ಕಲಿಸಿದವನು, ನಮ್ಮ ಮದುವೆಯಲ್ಲಿ ಕುಡಿದು ಅತ್ತವನು. "ಬಾಯಿ ತೆಗಿ ಚಿಕ್ಕಪ್ಪ" ಅಂದೆ. "ನಾನೇನು ಸಂತೆ ಕುದುರೆನಾ, ಹಲ್ಲು ನೋಡಿ ಕೊಂಡ್ಕೋತೀಯಾ?" ಅಂದ. ನಾನು ನಗಲಿಲ್ಲ. ದವಡೆ ಹಿಡಿದೆ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆಯಲಿಲ್ಲ. ಬಾಯಿ ತೆಗೆದ. ನಾಲಿಗೆ ಪಕ್ಕದಲ್ಲಿ, ಕೆನ್ನೆ ಒಳಗೆ, ಅದೇ ಬೂದು ಜಾಡು. "ಊದಿ ಊದಿ ಎಲ್ಲರ ಕೆನ್ನೇನೂ ಬೆಳ್ಳಗಾಗುತ್ತೆ ಕಣೋ, ನಮ್ಮಪ್ಪನಿಗೂ ಹೀಗೇ ಇತ್ತು" ಅಂದ. ಆಮೇಲೆ ನನ್ನ ಮುಖ ನೋಡಿ, "ಅಲ್ವಾ?" ಅಂದ. ಅವನನ್ನು ಕೊಲ್ಲಬೇಕು ಅಂತ ಹೋಗಿದ್ದೆ. ಆ "ಅಲ್ವಾ" ಕೇಳಿ ಕೈ ಬಿಟ್ಟುಬಿಟ್ಟೆ.

ಬಸುರಿಯನ್ನು ಹೆದರಿಸುತ್ತಿದೀನಿ ಅಂತ ಗೊತ್ತು. ಹೆದರು. ಹೆದರಿ ಡಾಕ್ಟರ ಹತ್ತಿರ ಹೋಗು.

ಎನೋಸ್

*

ಇಂಡಿಯಾನಾ
ಮಾರ್ಚ್ 9

ಎನೋಸ್,

ನಿನ್ನ ಕೊನೆ ಕಾಗದ ಡೆಲ್ಲಾಗೆ ಕೊಟ್ಟಿಲ್ಲ, ಕೊಡೋದೂ ಇಲ್ಲ. ಹೊಟ್ಟೆಯಲ್ಲಿ ಮಗು ಇರೋ ಹುಡುಗಿಗೆ ಸತ್ತ ಮಕ್ಕಳ ಕಥೆ ಬರೆಯುತ್ತೀಯಲ್ಲ, ನೀನು ಗಂಡಸಾ?

ನನಗೆ ಓದು ಬರಹ ಅಷ್ಟಕ್ಕಷ್ಟೇ, ಆದರೆ ಕೊಳವೆ ವಿಷಯ ನನಗೆ ಹೇಳಿಕೊಡಬೇಡ. ಆ ರೋಗ ಬರೋದು ಒಂದೇ ಜಾಗದಿಂದ, ಅದು ಯಾವುದು ಅಂತ ಹಡಗುಕಟ್ಟೆಯ ನಾಯಿಗೂ ಗೊತ್ತು. "ಹೌದು ಹ್ಯಾಸ್ಕೆಲ್ ಮಾವ, ಹೋಗಿದ್ದೆ" ಅಂತ ಬರೆದಿದ್ದರೆ ಅದೇ ದಿನ ಕುದುರೆ ಕಟ್ಟಿ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಆಮೇಲೆ ನಿನ್ನನ್ನು ಗುಂಡಿಕ್ಕುತ್ತಿದ್ದೆ, ಅದು ಬೇರೆ ಮಾತು. ನೀನು ಹೋಗಿಲ್ಲ ಅನ್ನುತ್ತೀಯ, ಕೊಳವೆಯಿಂದ ಅನ್ನುತ್ತೀಯ. ಕೊಳವೆಯಿಂದ ಬಂದಿದ್ದರೆ ಅದು ಕೊಳವೆ ಗಾಯ. ಕೊಳವೆ ಗಾಯ ವಾಸಿಯಾಗುತ್ತೆ. ಅದಕ್ಕೆ ನನ್ನ ಮಗಳನ್ನು ಈ ಊರಿನ ಡಾಕ್ಟರ ಮುಂದೆ ಬೀದಿ ಹೆಂಗಸಿನ ಥರ ಕೂರಿಸೋಲ್ಲ.

ಎರಡರಲ್ಲಿ ಒಂದು ನಿಜ. ಯಾವುದು ಅಂತ ತೀರ್ಮಾನ ಮಾಡಿಕೊಂಡು ಬರೆ. ಅಲ್ಲಿಯವರೆಗೆ ಸುಮ್ಮನಿರು.

ರೂಬೆನ್ ಹ್ಯಾಸ್ಕೆಲ್

*

ಇಂಡಿಯಾನಾ, ರೈಲು ನಿಲ್ದಾಣ
ಮಾರ್ಚ್ 20

ಡೆಲ್ಲಾ,

ನೀನು ನನ್ನನ್ನು ನೋಡಿದೆ. ನೋಡಿಲ್ಲ ಅನ್ನಬೇಡ. ನಿನ್ನ ಅಪ್ಪ ಗೇಟಿನಲ್ಲಿ ಬಂದೂಕು ಹಿಡಿದು ನಿಂತಾಗ ನೀನು ಬಾಗಿಲಿಗೆ ಬಂದೆ, ನೀಲಿ ಶಾಲು ಹೊದ್ದಿದ್ದೆ, ಹೊಟ್ಟೆ ಮೇಲೆ ಕೈ ಇತ್ತು. ನಾನು ಅಲ್ಲಿಂದಲೇ ಕೂಗಿದೆ, ಬಾಯಿ ತೆಗಿ ಒಂದು ಸಲ ಅಂತ. ಎದುರು ಮನೆಯವರು ನಕ್ಕರು, ಹುಚ್ಚ ಅಂದುಕೊಂಡಿರಬೇಕು. ನೀನು ಶಾಲಿನಿಂದ ಬಾಯಿ ಮುಚ್ಚಿಕೊಂಡೆ. ಅಳುತ್ತಿದ್ದೆಯೋ ಏನೋ, ನನಗೆ ಕಾಣಲಿಲ್ಲ. ಇಷ್ಟು ದೂರ ಬಂದದ್ದು ನಿನ್ನ ತುಟಿ ನೋಡೋಕೆ, ಅದೊಂದೇ ಕಾಣಲಿಲ್ಲ.

ನಾನು ಗೇಟು ಒದೆಯಬಹುದಿತ್ತು. ಮುದುಕನ ಕೈಯಿಂದ ಬಂದೂಕು ಕಿತ್ತುಕೊಳ್ಳೋದು ಕಷ್ಟವಲ್ಲ. ಆಮೇಲೆ ಏನು ಮಾಡಲಿ? ನಿನ್ನನ್ನು ಹೊತ್ತುಕೊಂಡು ಓಡಲಾ? ನೀನು ಕಿರುಚಿದರೆ? ಬಿದ್ದರೆ?

ನಿಮ್ಮ ಮುಖ್ಯ ಬೀದಿಯ ಡಾಕ್ಟರ್ ವೆಂಟ್‌ವರ್ತ್ ಹತ್ತಿರ ಹೋದೆ. ಒಳ್ಳೆ ಮನುಷ್ಯ. ಎಲ್ಲ ಕೇಳಿದರು. ನನ್ನ ಬಾಯಿ ನೋಡಿ ತಲೆ ಆಡಿಸಿದರು. "ಗಾಜಿನವರಲ್ಲಿ ಇದನ್ನ ಮೊದ್ಲೂ ನೋಡಿದೀನಿ. ಆದ್ರೆ ಕರೀದೆ ಇರೋ ಮನೆಗೆ ನಾನು ಹೇಗ್ ಹೋಗ್ಲಿ? ಹ್ಯಾಸ್ಕೆಲ್ ಕರೆದ್ರೆ ಹೋಗ್ತೀನಿ, ಮದ್ದು ಶಿಕಾಗೋದಿಂದ ತರಿಸ್ತೀನಿ. ಅವಳನ್ನ ಕರ್ಕೊಂಡ್ ಬಾ" ಅಂದರು. ಎಲ್ಲರೂ ಅದನ್ನೇ ಹೇಳುತ್ತಾರೆ. ಕರೆದುಕೊಂಡು ಬಾ.

ಈ ಕಾಗದ ನಿನ್ನ ಅಮ್ಮನ ಹೆಸರಿಗೆ ಹಾಕುತ್ತೀನಿ. ಅವರಾದರೂ ಕೊಡುತ್ತಾರೇನೋ. ರೈಲು ಬಂತು.

ಎನೋಸ್

*

ಇಂಡಿಯಾನಾ
ಏಪ್ರಿಲ್ 14

ನನ್ನ ಎನೋಸ್,

ಅಮ್ಮ ನಿನ್ನ ಕಾಗದ ಕೊಟ್ಟರು. ಅಪ್ಪನಿಗೆ ಗೊತ್ತಿಲ್ಲದ ಹಾಗೆ ಕೊಡಲಿಲ್ಲ, ಅವರ ಎದುರಿಗೇ ಕೊಟ್ಟರು. ಅವತ್ತು ನೀನು ತಲೆ ಬಗ್ಗಿಸಿಕೊಂಡು ನಿಲ್ದಾಣದ ಕಡೆ ನಡೆದು ಹೋದದ್ದು ನೋಡಿ ಅಮ್ಮ ಊಟ ಮಾಡಲಿಲ್ಲ. ನಾನು ಅವತ್ತು ಅತ್ತುಬಿಟ್ಟೆ. ಕಾಗದದಲ್ಲಿ ಕೇಳಿದೆಯಲ್ಲ, ಹೇಳಿದೀನಿ.

ಒಳ್ಳೆ ಸುದ್ದಿ ಇದೆ. ತುಟಿಯ ಹುಣ್ಣು ಹೋಗಿದೆ. ಯಾವ ಡಾಕ್ಟರೂ ಮುಟ್ಟಲಿಲ್ಲ, ಯಾವ ಸೂಜಿಯೂ ಬೇಕಾಗಲಿಲ್ಲ. ಕನ್ನಡಿಯಲ್ಲಿ ಹುಡುಕಿದರೆ ಕಲೆ ಕೂಡ ಇಲ್ಲ. ಅಪ್ಪನೇ ಬೆಳಕಿಗೆ ಹಿಡಿದು ನೋಡಿದರು, ನೋಡಿ ನನ್ನ ಗಲ್ಲ ಬಿಟ್ಟು, "ಹಾಗಾದ್ರೆ ಹುಡುಗ ಸುಳ್ಳು ಹೇಳ್ಲಿಲ್ಲ. ಕೊಳವೆ ಗಾಯನೇ. ಪಟ್ಟಣದ ಡಾಕ್ಟ್ರು ಬಡವನ ತಲೆ ಕೆಡಿಸಿದಾರೆ" ಅಂದರು. ಅಪ್ಪನ ಬಾಯಿಂದ ಇಷ್ಟು ಬಂದದ್ದೇ ದೊಡ್ಡದು, ನಿನಗೆ ಗೊತ್ತು.

ನಾನು ನಿನ್ನ ಮೇಲೆ ಅನುಮಾನಪಟ್ಟೆ. ಅದನ್ನು ಮರೆತುಬಿಡು ಅಂತ ಕೇಳಲಾರೆ, ಇಲ್ಲಿಗೆ ಬಾ ಅಂತ ಮಾತ್ರ ಕೇಳುತ್ತೀನಿ. ಇಲ್ಲಿ ಕಿಟಕಿ ಗಾಜಿನ ಕಾರ್ಖಾನೆಯಲ್ಲಿ ಅಪ್ಪ ನಿನಗೆ ಜಾಗ ಕೇಳಿದಾರೆ. ಹೊಸ ಮೇಸ್ತ್ರಿ ಅಪ್ಪನ ಹಳೆ ಜೊತೆಗಾರ. ಹಿಂದಿನ ಕೋಣೆ ನಮಗೆ ಅಂತ ಅಮ್ಮ ಸುಣ್ಣ ಬಳಿಸಿದಾರೆ. ತೊಟ್ಟಿಲು ಕೂಡ ಇಳಿಸಿ ಒರೆಸಿಟ್ಟಿದಾರೆ. ಅಪ್ಪ ಕೇಳೋದು ಒಂದೇ, ಆ ರೋಗದ ಹೆಸರು ಈ ಮನೆಯಲ್ಲಿ ಇನ್ನೊಂದು ಸಲ ಎತ್ತಬಾರದು.

ನನ್ನ ಆರೋಗ್ಯ ಚೆನ್ನಾಗಿದೆ. ಈ ವಾರ ಗಂಟಲು ಸ್ವಲ್ಪ ಕಟ್ಟಿದೆ, ಗಾಳಿ ತಣ್ಣಗಿದೆಯಲ್ಲ. ಬಾಚಣಿಗೆಯಲ್ಲಿ ಕೂದಲು ಜಾಸ್ತಿ ಬರುತ್ತಿದೆ, ಅದು ಎಲ್ಲ ಬಸುರಿಯರಿಗೂ ಇದ್ದದ್ದೇ ಅಂತೆ. ಅಂಗೈಯಲ್ಲಿ ಕೆಂಪು ಚುಕ್ಕೆ ಎದ್ದಿವೆ, ತುರಿಕೆ ಇಲ್ಲ. ಸೋಪು ಬದಲಾಯಿಸಿದ್ದಕ್ಕೆ ಇರಬೇಕು.

ಮಗು ಬಹಳ ಒದೆಯುತ್ತೆ. ನಿನ್ನ ಹಾಗೆ ಸಿಟ್ಟಿನದು ಅಂತ ಅಮ್ಮ ನಗುತ್ತಾರೆ. ಬೇಗ ಬಾ.

ನಿನ್ನವಳೇ,
ಡೆಲ್ಲಾ

*

ಫಿಲಡೆಲ್ಫಿಯಾ
ಏಪ್ರಿಲ್ 18

ಜೂಬಲ್ ಚಿಕ್ಕಪ್ಪ,

ನಿನಗೆ ಓದಿ ಹೇಳುವವರು ಯಾರೇ ಇರಲಿ, ಓದಿದ ಮೇಲೆ ಇದನ್ನು ಒಲೆಗೆ ಹಾಕಿಸು.

ಡೆಲ್ಲಾ ನನ್ನನ್ನು ಕ್ಷಮಿಸಿದಳು. ಬಾ ಅಂದಿದಾಳೆ. ಕಾಗದ ಹಿಡಿದುಕೊಂಡು ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದೆ, ಡಾಕ್ಟರು "ಏನದು?" ಅಂದರು, ಓದೋಕೆ ಕೊಟ್ಟೆ. ಕೂದಲು, ಗಂಟಲು, ಅಂಗೈ ಅಂತ ಬರೆದಿದಾಳಲ್ಲ, ಅಲ್ಲಿಗೆ ಬಂದಾಗ ಅವರು ಕನ್ನಡಕ ತೆಗೆದರು. "ಈಗ ಮೈಯೆಲ್ಲ ಹರಡಿದೆ. ಮಗುವಿಗೆ ಇನ್ನೂ ಸಮಯ ಇದೆ, ಜಾಸ್ತಿ ಇಲ್ಲ" ಅಂದರು.

ಅವಳಿಗೆ ಹುಣ್ಣು ಮಾಯವಾದದ್ದೇ ರೋಗ ಇಲ್ಲ ಅನ್ನೋಕೆ ಸಾಕ್ಷಿ. ನಾನು ಇನ್ನೇನು ಬರೆದರೂ ಹುಚ್ಚ ಅನ್ನುತ್ತಾರೆ. ಹೋಗಿ ಕೈ ಮುಗಿದರೂ ಅಷ್ಟೇ, ಆ ಹೆಸರು ಎತ್ತಿದ ಕೂಡಲೇ ಗೇಟಿನಾಚೆ. ಎತ್ತದೆ ಸುಮ್ಮನೆ ಆ ಸುಣ್ಣ ಬಳಿದ ಕೋಣೆಯಲ್ಲಿ ಮಲಗಬಹುದು. ಒಂದು ದಿನ ಪೂರ್ತಿ ಅದನ್ನೂ ಯೋಚನೆ ಮಾಡಿದೆ ಚಿಕ್ಕಪ್ಪ, ಸುಳ್ಳು ಹೇಳಲ್ಲ. ಮಲಗಿಕೊಂಡು ತೊಟ್ಟಿಲು ನೋಡುತ್ತಾ ಇರಬೇಕಾಗುತ್ತೆ.

ಮುದುಕ ಹ್ಯಾಸ್ಕೆಲ್ ನಂಬೋದು ಒಂದೇ ಮಾತು. ಅದನ್ನೇ ಇವತ್ತು ಬರೆಯುತ್ತಿದೀನಿ. ಹೆಂಗಸಿನ ಮನೆಗೆ ಹೋಗಿದ್ದೆ ಅಂತ. ನಾನು ಹೋಗಿಲ್ಲ ಅಂತ ನಿನಗೆ ಗೊತ್ತು, ಹೋಗೋಕೆ ಹೆದರುತ್ತೀನಿ ಅಂತ ನೀವೇ ಎಷ್ಟು ಸಲ ಗೇಲಿ ಮಾಡಿಲ್ಲ. ಅವನು ನಿನಗೆ ಕಾಗದ ಹಾಕಿ ಕೇಳುತ್ತಾನೆ, ಖಂಡಿತ ಕೇಳುತ್ತಾನೆ. ಕೇಳಿದರೆ ಹೌದು ಅನ್ನು. ನೀನೇ ಕಣ್ಣಾರೆ ನೋಡಿದೆ ಅನ್ನು. ನನಗೆ ನೀನು ಕೊಡಬೇಕಾದದ್ದು ಅಷ್ಟೇ.

ಮೊಮ್ಮಕ್ಕಳಿಗೆ ಮುತ್ತಿಡಬೇಡ. ಲೋಟ ಬೇರೆ ಇಟ್ಟುಕೋ. ಇಲ್ಲಿಗೆ ಬಾ, ನಾಚಿಕೆ ಪಡಬೇಡ, ನಾನೇ ಬಾಗಿಲವರೆಗೂ ಬರುತ್ತೀನಿ.

ಎನೋಸ್

*

ಫಿಲಡೆಲ್ಫಿಯಾ
ಏಪ್ರಿಲ್ 18

ಹ್ಯಾಸ್ಕೆಲ್ ಮಾವ,

ನೀವು ಮೊದಲು ಹೇಳಿದ್ದೇ ಸರಿ. ನಾನು ಹೋಗಿದ್ದೆ. ಅಕ್ಟೋಬರಿನಲ್ಲಿ, ಸಂಬಳದ ದಿನ, ಕೆಲಸದವರ ಜೊತೆ ಫಿಲಡೆಲ್ಫಿಯಾಗೆ ಬಂದಾಗ. ಹಡಗುಕಟ್ಟೆ ಹಿಂದಿನ ಬೀದಿ. ಒಂದು ಸಲ ಅಲ್ಲ. ಆ ಹೆಂಗಸಿನ ತುಟಿಯಲ್ಲಿ ಹುಣ್ಣು ನೋಡಿದ್ದೆ, ನೋಡಿಯೂ ಹೋದೆ. ಕೊಳವೆ ಅಂತ ಹೇಳಿದ್ದು ನಿಮಗೆ ಹೆದರಿ. ಜೂಬಲ್ ಕ್ರೌದರನನ್ನು ಕೇಳಿ, ಅವನಿಗೆ ಗೊತ್ತು.

ಹಾಗಾಗಿ ಡೆಲ್ಲಾಗೆ ಆದದ್ದು ಕೊಳವೆ ಗಾಯವಲ್ಲ. ಅದು ವಾಸಿಯಾಗಿಲ್ಲ. ಗಂಟಲು, ಕೂದಲು, ಅಂಗೈ ಚುಕ್ಕೆ ಎಲ್ಲ ಅದೇ. ಇವತ್ತೇ ಅವಳ ಕೆನ್ನೆ ಒಳಗೆ ನೋಡಿ, ಬೂದುಬಣ್ಣದ ಮಚ್ಚೆ ಸಿಗುತ್ತವೆ. ಸಿಗದಿದ್ದರೂ ಕಾಯಬೇಡಿ. ಡಾಕ್ಟರ್ ವೆಂಟ್‌ವರ್ತ್‌ಗೆ ಎಲ್ಲ ಗೊತ್ತಿದೆ, ಯಾವ ಮದ್ದು ತರಿಸಬೇಕು ಅನ್ನೋದೂ ಗೊತ್ತಿದೆ. ಅವಳು ನಾಚಿಕೆಪಡೋ ಕೆಲಸ ಏನೂ ಮಾಡಿಲ್ಲ ಅಂತ ಊರಿಗೆಲ್ಲ ಹೇಳಿ. ಮಾಡಿದವನು ನಾನು ಅಂತ ಹೇಳಿ. ನಾಲ್ಕು ಜನರ ಮುಂದೆ ನನ್ನ ಹೆಸರು ಹಿಡಿದೇ ಬಯ್ಯಿರಿ.

ನಾನು ಅಲ್ಲಿಗೆ ಬರಲ್ಲ. ಮಗು ಹುಟ್ಟಿದ ಮೇಲೂ ಬರಲ್ಲ. ಈ ಕಾಗದ ಡೆಲ್ಲಾಗೆ ನೀವೇ ಓದಿ ಹೇಳಿ, ಅವಳ ಕೈಗೆ ಕೊಡಬೇಡಿ. ನನ್ನ ಅಕ್ಷರ ನೋಡಿದರೆ ಅವಳ ಮನಸ್ಸು ಕರಗಿಬಿಡುತ್ತೆ.

ಕುದುರೆ ಕಟ್ಟಿ ಮಾವ.

ಎನೋಸ್